ಉಪಾಧ್ಯಾಯಿನಿಯ ಒಂದು ವಾರ

ನಿಮ್ಮ ಒಂದು ವಾರ ಹೇಗೆ ಕಳೆಯುತ್ತದೆ, ಅದನ್ನು ಕುರಿತೇ ನಾಲ್ಕು ಮಾತು ಹೇಳಿ ಎಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ವಾರ ಕಳೆಯುವುದು ಬೇರೆ, ಕಳೆದುಹೋಗುವುದು ಬೇರೆ. ನನ್ನ ವಾರ ಎರಡನೆಯ ಜಾತಿಗೆ ಸೇರಿದ್ದು. ಸೋಮವಾರ ಬೆಳಗ್ಗೆ ಕೈಯಲ್ಲಿಯೇ ಇದ್ದದ್ದು ಶನಿವಾರ ಮಧ್ಯಾಹ್ನ ಹುಡುಕಿದರೆ ಎಲ್ಲಿ ಬಿದ್ದುಹೋಯಿತೋ ತಿಳಿಯುವುದಿಲ್ಲ. ಆದರೂ ಒಪ್ಪಿಕೊಂಡೆ. ಒಂದು ಸಲ ಕುಳಿತು ಲೆಕ್ಕ ಹಾಕಿ ನೋಡಲು ಇದೂ ಒಂದು ನೆಪವಾಗಲಿ ಎಂದುಕೊಂಡೆ.

ನಾನು ಮಂಡ್ಯದ ಹತ್ತಿರ ಹೊಳಲಿನ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಇಬ್ಬರೇ ಶಿಕ್ಷಕರಿರುವ ಶಾಲೆ. ನಾಲ್ಕು ಮತ್ತು ಐದನೆಯ ತರಗತಿ, ಜೊತೆಗೆ ಕಾಗದಪತ್ರಗಳೆಲ್ಲ ಮುಖ್ಯೋಪಾಧ್ಯಾಯರದು. ಒಂದರಿಂದ ಮೂರರವರೆಗಿನ ಮಕ್ಕಳು ನನ್ನವರು. ಮನೆ ಮಂಡ್ಯದಲ್ಲಿ. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು ತುಂಬುತ್ತಾ ಬಂತು. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಅವರಿಲ್ಲದಿದ್ದರೆ ಈ ಭಾಷಣವೂ ಇಲ್ಲ, ಈ ನೌಕರಿಯೂ ಇಲ್ಲ. ನಾವು ಮಂಡ್ಯದ ಒಂದು ಸಭೆಗೆ ಸೇರಿದವರು. ಸಭೆ ಎಂದೊಡನೆ ಹಾರ ತುರಾಯಿಗಳ ಸಭೆ ಎಂದು ತಿಳಿಯಬೇಡಿ. ಒಂದು ಚರ್ಚಿನಲ್ಲಿ ಕೂಡುವ ಜನಕ್ಕೆ ನಮ್ಮಲ್ಲಿ ಸಭೆ ಎಂದೇ ಹೆಸರು.

ಕಾನೂನು ಒಂದು ಲೆಕ್ಕ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಉಪಾಧ್ಯಾಯರ ವಾರ 45 ಗಂಟೆಗಳದು, ಪಾಠದ ತಯಾರಿಯೂ ಸೇರಿ. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನ, 800 ಗಂಟೆ ಪಾಠ. ವಾರಕ್ಕೆ ಒಟ್ಟು 168 ಗಂಟೆ. ಅದರಲ್ಲಿ 45 ತೆಗೆಯಿರಿ, ನಿದ್ದೆಗೆ 42 ತೆಗೆಯಿರಿ, ಇನ್ನೂ 81 ಗಂಟೆ ಮಿಗುತ್ತದೆ. ಕಾಗದದ ಮೇಲೆ ನಾನು ಸಿರಿವಂತೆ! ಯಜಮಾನರಿಗೆ ಈ ಲೆಕ್ಕ ತೋರಿಸಿದೆ. ಬ್ಯಾಂಕಿನವರಲ್ಲವೆ, ಒಂದು ಸಲ ಕಣ್ಣಾಡಿಸಿ, “ಜಮಾ ಸರಿಯಾಗಿದೆ, ಖರ್ಚು ಬರೆದಿಲ್ಲ” ಎಂದರು.

ಖರ್ಚಿನ ಮೊದಲ ಬಾಬು ಬೆಳಗಿನ ಹೊತ್ತು. ಅದನ್ನು ನಾನು ವಿವರಿಸಬೇಕಾಗಿಲ್ಲ. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಹಾಲು, ಒಂದು ಕಾಲಿನ ಕಾಲುಚೀಲ ಕಳೆದುಹೋದ ಮಗ, ತಲೆ ಬಾಚಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದ ಮಗಳು. ಇದನ್ನು ಕೇಳುತ್ತಿರುವ ತಾಯಂದಿರ ಮನೆಯಲ್ಲಿಯೂ ಇದೇ ಚಿತ್ರ. ಬಸ್ಸು ಹತ್ತಿ ಕುಳಿತ ಮೇಲೆ ಮಾತ್ರ ಸ್ವಲ್ಪ ಉಸಿರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಉಳಿದ ದುಡ್ಡಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಈಗ ಬಸ್ಸಿನಲ್ಲಿ ಹೆಂಗಸರ ಗುಂಪು ದೊಡ್ಡದಾಗಿದೆ, ಮಾತೂ ದೊಡ್ಡದಾಗಿದೆ. ಮಂಡ್ಯದ ಆಸ್ಪತ್ರೆಗೆ ಹೋಗಿಬರುವವರು, ಗಾರ್ಮೆಂಟ್ಸಿಗೆ ಹೋಗುವವರು, ಸಂತೆಯವರು. ಶಾಲೆಯ ಮಕ್ಕಳ ಮನೆಯ ಸಮಾಚಾರವೆಲ್ಲ ನನಗೆ ಬಸ್ಸಿನಲ್ಲೇ ತಿಳಿಯುತ್ತದೆ. ಯಾವ ಮಗು ಯಾಕೆ ನಾಲ್ಕು ದಿನ ಬರಲಿಲ್ಲ ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಾಗುವ ಮುಂಚೆ ಮೂರನೆಯ ಸೀಟಿಗೆ ಗೊತ್ತಾಗಿರುತ್ತದೆ.

ಕಿಟಕಿಯಾಚೆ ಗದ್ದೆ, ಕಬ್ಬು, ಅಲ್ಲಲ್ಲಿ ಆಲೆಮನೆಯ ಹೊಗೆ. ಇರ್ವಿನ್ ನಾಲೆ ಎಂದು ಮೊದಲು ಕರೆಸಿಕೊಂಡು ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆಯ ನೀರು ಮಂಡ್ಯದ ಸೀಮೆಗೆ ಬಂದಮೇಲೆ ಈ ನೆಲದ ಪಂಚಾಂಗವೇ ಬದಲಾಯಿತು. 1933ರಲ್ಲಿ ಸಕ್ಕರೆ ಕಂಪೆನಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಇದೆಲ್ಲ ನಾವು ಸಮಾಜಪಾಠದಲ್ಲಿ ಹೇಳುವ ಸಂಗತಿ. ಆದರೆ ನಾಲೆಗೆ ನೀರು ಬಿಟ್ಟರೆ ನನ್ನ ತರಗತಿಯ ಹಾಜರಿಯೂ ಬದಲಾಗುತ್ತದೆ ಎಂಬುದನ್ನು ಯಾವ ಪಾಠದಲ್ಲೂ ಬರೆದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಒಂದರಿಂದ ಮೂರರವರೆಗೆ ನಮ್ಮಲ್ಲಿ ನಲಿಕಲಿ. ಪಟ್ಟಣದಲ್ಲಿ ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆ ಇದರ ಪರಿಚಯ ಕಡಮೆ, ಆದ್ದರಿಂದ ಎರಡು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದು ಮೊದಲಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳಿಗೆ ನಮ್ಮ ಮೇಷ್ಟರುಗಳೇ ಹೋಗಿ, ಅಲ್ಲಿಯ ಕ್ರಮವನ್ನು ಕಣ್ಣಾರೆ ನೋಡಿ ಬಂದು, ತಮ್ಮ ಊರಿಗೆ ಒಗ್ಗಿಸಿಕೊಂಡರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಇಲ್ಲಿ ಮೂರು ತರಗತಿಯ ಮಕ್ಕಳೂ ಒಂದೇ ಕೋಣೆಯಲ್ಲಿ, ಐದು ತಟ್ಟೆಗಳಲ್ಲಿ ಕುಳಿತುಕೊಳ್ಳುತ್ತಾರೆ. ತಟ್ಟೆ ಎಂದರೆ ಊಟದ ತಟ್ಟೆಯಲ್ಲ, ಗುಂಪು. ಮೊದಲನೆಯ ತಟ್ಟೆಯವರಿಗೆ ಉಪಾಧ್ಯಾಯರ ಪೂರ್ತಿ ಸಹಾಯ ಬೇಕು. ಕೊನೆಯ ತಟ್ಟೆಯವರು ತಾವಾಗಿಯೇ ಕಲಿಯುತ್ತಾರೆ. ನಡುವಿನವರಿಗೆ ಅಷ್ಟಷ್ಟು ಸಹಾಯ, ಅವರಲ್ಲಿ ಕೆಲವರಿಗೆ ಜೊತೆಯ ಮಕ್ಕಳದೇ ಸಹಾಯ. ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನು ಹತ್ತುತ್ತದೆ. ನಾಲ್ಕು ದಿನ ಬಾರದ ಮಗು ಐದನೆಯ ದಿನ ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಮೊದಲು ಮಾಡುತ್ತದೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು ತೂಗುತ್ತಿರುತ್ತವೆ.

ಈ ಕ್ರಮದಲ್ಲಿ ಕುಂದುಗಳಿಲ್ಲವೆಂದಲ್ಲ. ಒಬ್ಬಳೇ ಐದು ತಟ್ಟೆಗೂ ಓಡಾಡುವಾಗ ಮೂರನೆಯ ತಟ್ಟೆಯಲ್ಲಿ ಪೆನ್ಸಿಲಿಗಾಗಿ ಯುದ್ಧವೇ ನಡೆದಿರುತ್ತದೆ. ಆದರೂ ನಾನು ಇದರ ಪಕ್ಷ. ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕು ಎಂಬ ಹಳೆಯ ಕ್ರಮದಲ್ಲಿ ಓದಿದವಳು ನಾನು. ಜ್ವರ ಬಂದು ಒಂದು ವಾರ ಮಲಗಿದರೆ ಗುಣಾಕಾರ ನನ್ನನ್ನು ಬಿಟ್ಟು ಮುಂದಕ್ಕೆ ಹೋಗಿರುತ್ತಿತ್ತು.

ಬೆಳಗ್ಗೆ ಮಕ್ಕಳಿಗೆ ಹಾಲು. 2013ರ ಆಗಸ್ಟ್ 1ರಂದು ಬಂದ ಕ್ಷೀರಭಾಗ್ಯದ ಹಾಲಿಗೆ 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟೂ ಸೇರಿತು. ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಲೆಕ್ಕ ಬರೆಯುವುದು ತಲೆನೋವು ಎಂದು ನಾವು ಉಪಾಧ್ಯಾಯರು ಗೊಣಗುತ್ತೇವೆ, ನಿಜ. ಆದರೆ ಬೆಳಗ್ಗೆ ಏನನ್ನೂ ತಿನ್ನದೆ ಬಂದ ಮಗು ಲೋಟ ಎತ್ತಿ ಕುಡಿದು, ಮೇಲ್ತುಟಿಯ ಮೇಲೆ ಬಿಳಿ ಮೀಸೆ ಬರಿಸಿಕೊಂಡು ನಗುವುದನ್ನು ನೋಡಿದವರು ಬಹಳ ಹೊತ್ತು ಗೊಣಗಲಾರರು.

ಈಗ ನಾಲೆಯ ನೀರಿನ ಮಾತು. 2025ರಲ್ಲಿ ಜೂನ್ ಮುಗಿಯುವ ಮೊದಲೇ ಕನ್ನಂಬಾಡಿ ಕಟ್ಟೆ ತುಂಬಿತು. ರೈತರ ಮುಖ ಅರಳಿತು. ನಾಟಿ ಜೋರಾಯಿತು. ನಾಟಿ ಎಂದರೆ ಹೆಂಗಸರ ಕೆಲಸ; ಬೆಳಕು ಹರಿಯುವುದರೊಳಗೆ ತಾಯಂದಿರು ಗದ್ದೆಗೆ ಇಳಿದಿರುತ್ತಾರೆ. ಆಗ ಮನೆಯ ಕೂಸನ್ನು ನೋಡಿಕೊಳ್ಳುವವರು ಯಾರು? ಅಕ್ಕಂದಿರು. ನನ್ನ ಮೂರನೆಯ ತರಗತಿಯ ಒಬ್ಬ ಹುಡುಗಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಚೀಲ, ಸೊಂಟದ ಮೇಲೆ ಎರಡು ವರ್ಷದ ತಮ್ಮ.

“ಮೇಡಂ, ಇವನ್ನ ಕರ್ಕೊಂಡು ಬಂದ್ರೆ ಬೈತೀರಾ?” ಎಂದಳು.

ನಾನು ಏನು ಹೇಳಬೇಕು? ಮೂರು ವರ್ಷ ತುಂಬಿದ ಮಕ್ಕಳಿಗಾದರೆ ಅಂಗನವಾಡಿಯಲ್ಲಿ ಹಾಡು ಪಾಠ ಉಂಟು. ಅದಕ್ಕಿಂತ ಚಿಕ್ಕವರಿಗಾಗಿ 2023-24ರ ಆಯವ್ಯಯದಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ ಬಂತು. ಒಳ್ಳೆಯ ಯೋಜನೆಯೇ, ಆದರೆ ಅದು ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ, ಅದೂ ನಾಲ್ಕು ಸಾವಿರ ಪಂಚಾಯಿತಿಗಳಿಗೆಂದು ಹೊರಟದ್ದು. ಪಕ್ಕದವರ ಗದ್ದೆಯಲ್ಲಿ ಪೈರು ನೆಡುವ ತಾಯಿಯ ಕೂಸು ಎಲ್ಲಿರಬೇಕು ಎಂಬ ಪ್ರಶ್ನೆಗೆ ಆ ದಿನ ಉತ್ತರ ಆ ಹುಡುಗಿಯ ಸೊಂಟವೇ ಆಗಿತ್ತು. ಚಾಪೆಯ ಒಂದು ಮೂಲೆ ತೋರಿಸಿದೆ. ತಮ್ಮ ಕುಳಿತ. ಅರ್ಧ ಗಂಟೆಯಲ್ಲಿ ಎರಡನೆಯ ತಟ್ಟೆಯ ಅಕ್ಷರದ ಕಾರ್ಡುಗಳನ್ನೆಲ್ಲ ಬಾಯಿಗಿಟ್ಟು ರುಚಿ ನೋಡಿದ್ದ. ‘ರ’ ಅಕ್ಷರ ಮಾತ್ರ ಇವತ್ತಿಗೂ ಒಂದು ಕಡೆ ಮೊಟಕಾಗಿದೆ.

ಅದಾದ ವಾರವೇ ಅತ್ತೆಯವರಿಗೆ ಜ್ವರ ಬಂತು. ಯಜಮಾನರ ಬ್ಯಾಂಕಿನಲ್ಲಿ ತಪಾಸಣೆ, ರಜೆ ಸಿಗದು. ನನಗೆ ರಜೆ ಇಲ್ಲವೆಂದಲ್ಲ. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ಮಂಜೂರು ಮಾಡಿದೆ. ಆದರೆ ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರ ಪಾಡು ಐದು ತರಗತಿ. ಕಾಗದದ ಮೇಲಿನ ರಜೆಯನ್ನು ತೆಗೆದುಕೊಳ್ಳಲು ಕೈ ಏಳುವುದಿಲ್ಲ. ಮುಖ್ಯೋಪಾಧ್ಯಾಯರನ್ನು ಫೋನಿನಲ್ಲಿ ಕೇಳಿ ಮಗಳನ್ನೂ ಎತ್ತಿಕೊಂಡು ಬಸ್ಸು ಹತ್ತಿದೆ. ಅವಳನ್ನು ಅದೇ ಚಾಪೆಯ ಮೂಲೆಯಲ್ಲಿ, ಅದೇ ತಮ್ಮನ ಪಕ್ಕ ಕೂರಿಸಿದೆ. ಆ ಅಕ್ಕ ನನ್ನ ಮುಖ ನೋಡಿದಳು, ನನ್ನ ಮಗಳ ಮುಖ ನೋಡಿದಳು. ಆಮೇಲೆ ದೊಡ್ಡವಳ ಹಾಗೆ, “ಬುಡಿ ಮೇಡಂ, ನಾನು ಇಬ್ರುನ್ನೂ ನೋಡ್ಕತೀನಿ. ನೀವು ಪಾಠ ಮಾಡ್ಕಳಿ” ಎಂದಳು.

ಎಂಟು ವರ್ಷದ ಮಗು. ಆ ದಿನ ನಾನು ಪಾಠ ಮಾಡಿದೆ, ಅವಳು ಮಾಡಲಿಲ್ಲ. ಅವಳ ಏಣಿಯ ಮೆಟ್ಟಿಲು ಅಲ್ಲಿಯೇ ನಿಂತಿತು. ಸಂಜೆ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು; ನನಗೆ ಮಾತ್ರ ಆ ಮೆಟ್ಟಿಲಿನದೇ ಯೋಚನೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಬಿಟ್ಟ ಲೆಕ್ಕ ಹೇಳಿಕೊಟ್ಟೆ. ತಮ್ಮ ಅಷ್ಟು ಹೊತ್ತೂ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಆಳ್ವಿಕೆ ನಡೆಸಿದ.

ಇದು ಶಾಲೆಯ ಕಥೆಯಾಯಿತು. ಇನ್ನು ಚರ್ಚು. ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ, ತಿಂಗಳಿಗೊಮ್ಮೆ ಸ್ತ್ರೀಯರ ಕೂಟ, ಶನಿವಾರ ಸಂಜೆ ಗಾಯಕವೃಂದದ ಅಭ್ಯಾಸ, ಭಾನುವಾರ ಆರಾಧನೆ. ಹಬ್ಬ ಬಂದರೆ ಇದರ ಮೇಲೆ ಮತ್ತಷ್ಟು. ಯಾವುದೂ ಕಡ್ಡಾಯವಲ್ಲ, ಆದರೆ ಸಣ್ಣ ಸಭೆ, ಒಬ್ಬರು ಬಾರದಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಬಾರದವರ ಮನೆಗೆ ಸೋಮವಾರ ಯಾರಾದರೂ ಬಂದೇ ಬರುತ್ತಾರೆ, “ಮೈಗೆ ಹುಷಾರಿಲ್ಲವಾ?” ಎಂದು. ಇದು ಕೆಲವು ಸಲ ಕಿರಿಕಿರಿ. ಅತ್ತೆಯವರ ಜ್ವರದ ವಾರದಲ್ಲಿ ಮೂರು ಮನೆಯಿಂದ ಗಂಜಿ, ಸಾರು ಬಂದಾಗ ಅದೇ ಕಿರಿಕಿರಿ ಕಣ್ಣಲ್ಲಿ ನೀರು ತರಿಸಿತು.

ನನ್ನ ಅಜ್ಜಿ 1950ರ ದಶಕದಲ್ಲಿ ತುಮಕೂರಿನ ಕಡೆ ಮಿಷನ್ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದರು. ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಕಟ್ಟಿದ ಕೆಲಸವೆಲ್ಲ, 1947ರ ಸೆಪ್ಟೆಂಬರ್ 27ರಂದು ಮೆಥೊಡಿಸ್ಟ್, ಆಂಗ್ಲಿಕನ್ ಮುಂತಾದವರು ಕೂಡಿಕೊಂಡಾಗ, ದಕ್ಷಿಣ ಇಂಡಿಯಾ ಸಭೆಯ ಪಾಲಿಗೆ ಬಂದಿತ್ತು. ಅಜ್ಜಿಗೆ ಶಾಲೆಯೂ ಅದೇ, ಸಭೆಯೂ ಅದೇ. ವಾರವೆಲ್ಲ ಪಾಠ ನಡೆಯುವ ಕೊಠಡಿಯಲ್ಲೇ ಭಾನುವಾರ ಬೆಂಚುಗಳ ದಿಕ್ಕು ತಿರುಗಿಸಿದರೆ ಅದು ದೇವಾಲಯ. ಮಕ್ಕಳು ಅಲ್ಲೇ ಅಂಗಳದಲ್ಲಿ ಬೆಳೆದರು. ನೌಕರಿ, ಮನೆ, ಚರ್ಚು ಎಂದು ಮೂರು ಭಾಗ ಮಾಡಿ ತೂಗಿಸುವ ಮಾತು ಅಜ್ಜಿಗೆ ಹೇಳಿದ್ದರೆ ಅರ್ಥವಾಗುತ್ತಿತ್ತೋ ಇಲ್ಲವೋ. ಹಾಗೆಂದು ಅವರ ಕಾಲ ಸುಖದ್ದೆಂದು ಹೇಳಲಾರೆ. ಮೂರೂ ಒಂದೇ ಆದಾಗ ಯಾವುದರಿಂದಲೂ ಮನೆಗೆ ಹಿಂದಿರುಗುವುದೆಂಬುದಿಲ್ಲ. ಅಜ್ಜಿ ಕೈಕಟ್ಟಿ ಕುಳಿತದ್ದನ್ನು ನನ್ನ ತಾಯಿ ನೋಡಿದ್ದು ಕಡಮೆಯಂತೆ.

ಶನಿವಾರ ನಮಗೆ ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಬಿಡುವು. 2015ರ ಸೆಪ್ಟೆಂಬರಿನಿಂದ ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಪೂರ್ತಿ ರಜೆ. ಆ ಎರಡು ಶನಿವಾರ ಅಡಿಗೆ ಯಜಮಾನರದು. ಅವರ ಮುದ್ದೆಯಲ್ಲಿ ಗಂಟಿರುತ್ತದೆ ಎಂಬ ದೂರು ಮಗನದು, ನನ್ನದಲ್ಲ. ಬೇರೆಯವರು ಮಾಡಿ ಬಡಿಸಿದ ಮುದ್ದೆಯಲ್ಲಿ ಗಂಟು ಹುಡುಕುವಷ್ಟು ಕೃತಘ್ನಳು ನಾನಲ್ಲ.

ಭಾನುವಾರ ವಿಶ್ರಾಂತಿಯ ದಿನವೆಂದು ಶಾಸ್ತ್ರ ಹೇಳುತ್ತದೆ. ಆ ದಿನ ಯಾರು ಯಾರು ಕೆಲಸ ಮಾಡಬಾರದು ಎಂದು ಹತ್ತು ಆಜ್ಞೆಗಳಲ್ಲಿ ಒಂದು ಪಟ್ಟಿಯೇ ಇದೆ: ನೀನು, ಮಗ, ಮಗಳು, ಆಳು, ಹೆಣ್ಣಾಳು, ದನಕರು, ಮನೆಗೆ ಬಂದ ಪರದೇಶದವನು ಕೂಡ. ಹೆಂಡತಿಯ ಹೆಸರು ಮಾತ್ರ ಇಲ್ಲ! ಒಂದು ಭಾನುವಾರ ಕೋಳಿ ಸಾರಿಗೆ ಮಸಾಲೆ ರುಬ್ಬುತ್ತಾ ಅತ್ತೆಯವರಿಗೆ ಇದನ್ನು ಹೇಳಿ ನಕ್ಕೆ. ಅತ್ತೆ ನಗಲಿಲ್ಲ. “ನೀನು ಅಂತ ಮೊದಲೇ ಹೇಳಿದೆಯಲ್ಲಮ್ಮ. ಆ ನೀನು ಯಾರು ಅಂತ ತಿಳ್ಕೊಂಡಿದ್ದೀಯ?” ಎಂದರು. ನನಗೆ ಮಾತು ಹೊರಡಲಿಲ್ಲ. ಆದರೆ ಮಸಾಲೆ ರುಬ್ಬುವುದೂ ನಿಲ್ಲಲಿಲ್ಲ ಅನ್ನಿ.

ಭಾನುವಾರ ನನಗೆ ಇನ್ನೂ ಒಂದು ಕೆಲಸವಿತ್ತು. ವೃತ್ತಿಯಲ್ಲಿ ಉಪಾಧ್ಯಾಯಿನಿ ಎಂದು ತಿಳಿದ ಮೇಲೆ ಯಾವ ಸಭೆ ಬಿಡುತ್ತದೆ? ನಾನು ಮಂಡ್ಯಕ್ಕೆ ಬಂದ ಎರಡನೆಯ ತಿಂಗಳೇ ಭಾನುವಾರ ಶಾಲೆಯ ಚಿಕ್ಕಮಕ್ಕಳ ತರಗತಿ ನನ್ನ ಪಾಲಿಗೆ ಬಂತು. ಆರಾಧನೆಯಲ್ಲಿ ಮೊದಲ ಎರಡು ಕೀರ್ತನೆ ಮುಗಿದೊಡನೆ ಮಕ್ಕಳನ್ನು ಕರೆದುಕೊಂಡು ಜಗುಲಿಗೆ ಹೋಗಬೇಕು. ಪ್ರಸಂಗ ಮುಗಿದು ಕಾಣಿಕೆ ಎತ್ತುವ ಹೊತ್ತಿಗೆ ಒಳಗೆ ಬರಬೇಕು. ಮೂರು ವರ್ಷ ಹೀಗೆ ನಡೆಯಿತು. ಮನಸ್ಸಿಲ್ಲದೆ ಮಾಡಿದೆ ಎಂದರೆ ಸುಳ್ಳಾದೀತು. ನಲಿಕಲಿಯ ಉಪಾಯಗಳನ್ನೆಲ್ಲ ಅಲ್ಲಿಗೂ ಒಯ್ದೆ. ಜಗುಲಿಗೂ ದಾರದ ಚಪ್ಪರ ಕಟ್ಟಿದೆ. ನೋಹನ ನಾವೆಯಲ್ಲಿ ಮಂಡ್ಯದ ಎತ್ತುಗಳೂ ಹತ್ತಿದವು.

ಭಾನುವಾರ ಶಾಲೆಯ ಹುಟ್ಟು ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾಕರ್ತ 1780ರಲ್ಲಿ ಇದನ್ನು ಮೊದಲು ಮಾಡಿದಾಗ ಅದು ಓದು ಬರಹ ಕಲಿಸುವ ಶಾಲೆಯೇ ಆಗಿತ್ತು. ಬಡವರ ಮಕ್ಕಳು ಉಳಿದ ಆರು ದಿನ ಕೆಲಸಕ್ಕೆ ಹೋಗುತ್ತಿದ್ದರು; ಅವರಿಗೆ ಬಿಡುವಿದ್ದದ್ದು ಅದೊಂದೇ ದಿನ. ಈಗ ನನ್ನ ಮಗ ಆರು ದಿನ ಶಾಲೆಗೆ ಹೋಗಿ ಏಳನೆಯ ದಿನ ಮತ್ತೊಂದು ಶಾಲೆಗೆ ಹೋಗುತ್ತಾನೆ, ಅಲ್ಲಿ ಅವನ ಉಪಾಧ್ಯಾಯಿನಿ ಅವನ ತಾಯಿ. ಜಗುಲಿಯಲ್ಲಿ ಎಲ್ಲ ಮಕ್ಕಳ ಹಾಗೆ ಅವನೂ ನನ್ನನ್ನು “ಮಿಸ್” ಎನ್ನಬೇಕೆಂದು ನಾನೇ ಹೇಳಿಕೊಟ್ಟಿದ್ದೆ, ಉಳಿದವರಿಗೆ ಭೇದ ಕಾಣಬಾರದು ಎಂದು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೇವೆ, ಹುಡುಗ ತಟ್ಟೆ ಮುಂದಕ್ಕೆ ಹಿಡಿದು, “ಮಿಸ್, ಇನ್ನೊಂದು ಚೂರು ಸಾರು” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಅದು 2025ರ ಸೆಪ್ಟೆಂಬರ್. ದಸರಾ ರಜೆಗೆ ಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮೊದಲಾಯಿತು. ಗಣತಿದಾರರು ಯಾರು? ಉಪಾಧ್ಯಾಯರು. ಮನೆ ಮನೆಗೆ ಹೋಗಬೇಕು, 60 ಪ್ರಶ್ನೆ ಕೇಳಬೇಕು, ಎಲ್ಲವನ್ನೂ ಫೋನಿನಲ್ಲಿ ತುಂಬಬೇಕು. ಫೋನಿಗೆ ಸಂಕೇತ ಸಿಗದ ಕಡೆ ಮಾಳಿಗೆ ಹತ್ತಿದ್ದೂ ಉಂಟು. ಮೊದಲು ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದುದು ಮುಂದಕ್ಕೆ ಹೋಗಿ, ಶಾಲೆಗಳ ರಜೆಯನ್ನೇ 18ರವರೆಗೆ ಬೆಳೆಸಿದರು. ಮಕ್ಕಳಿಗೆ ರಜೆ ಬೆಳೆಯಿತು, ಮೇಷ್ಟರಿಗೆ ಕೆಲಸ ಬೆಳೆಯಿತು. ಜನಗಣತಿ, ಚುನಾವಣೆ, ಪ್ರಕೃತಿವಿಕೋಪ ಇವಿಷ್ಟಕ್ಕೆ ಬಿಟ್ಟು ಉಪಾಧ್ಯಾಯರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಅದೇ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಈ ಸಮೀಕ್ಷೆ ಆ ಮಾತಿನೊಳಗೆ ಸೇರುತ್ತದೆಯೋ ಇಲ್ಲವೋ ಎಂದು ನಮ್ಮವರಲ್ಲೇ ಬಿಸಿಬಿಸಿ ಚರ್ಚೆ ನಡೆಯಿತು. ನಾನು ಚರ್ಚೆ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಇಂಥ ಲೆಕ್ಕ ಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಮಕ್ಕಳಿಗೆ ಕೊಟ್ಟ ಮಾತು ಮುರಿಯಿತೆಂಬುದೂ ಅಷ್ಟೇ ನಿಜ.

ಜನ ಕೋಪಿಸಿಕೊಳ್ಳುತ್ತಾರೆಂದು ಹೆದರಿದ್ದೆ. ಹಾಗಾಗಲಿಲ್ಲ. ನೀರು, ಮಜ್ಜಿಗೆ, ಒಂದೆರಡು ಕಡೆ ಹಬ್ಬದ ಕಡುಬು. ಧರ್ಮ ಯಾವುದು, ಜಾತಿ ಯಾವುದು ಎಂದು ಕೇಳುವ ಪ್ರಶ್ನೆ ಬಂದಾಗ ಒಬ್ಬ ಅಜ್ಜಿ ಉತ್ತರ ಹೇಳಿ ಮುಗಿಸಿ, “ನಿಮ್ದು ಯಾವ್ದವ್ವ?” ಎಂದರು. ಹೇಳಿದೆ. “ಓ, ಹಂಗಾದ್ರೆ ನಿಮ್ಗೆ ಭಾನುವಾರ ಕೆಲ್ಸ ಮಾಡಂಗಿಲ್ವಲ್ಲ” ಎಂದರು. ಆ ದಿನ ಭಾನುವಾರವೇ ಆಗಿತ್ತು!

ಹೀಗೆ ಮೂರು ಭಾನುವಾರ ಚರ್ಚಿಗೆ ಹೋಗಲಾಗಲಿಲ್ಲ. ಜಗುಲಿಯ ಮಕ್ಕಳ ಗತಿ ಏನು ಎಂದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಾಲ್ಕನೆಯ ವಾರ ಹೋದರೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತರಗತಿಯನ್ನು ಚೆನ್ನಾಗಿ ನಡೆಸಿಕೊಂಡಿದ್ದಳು. ನಾನು ಕಲಿಸದ ಎರಡು ಹಾಡುಗಳನ್ನು ಮಕ್ಕಳು ಅಭಿನಯ ಮಾಡಿ ತೋರಿಸಿದರು. ಸಂತೋಷವಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಒಳಗೆ ಸ್ವಲ್ಪ ಚುರ್ರೆಂದದ್ದನ್ನು ಈಗ ಹೇಳುತ್ತಿದ್ದೇನೆ. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ನಂಬಿಕೊಂಡು ಮೂರು ವರ್ಷ ಓಡಿದ್ದೆನಲ್ಲ, ನಡೆಯಿತು.

ಆರಾಧನೆ ಮುಗಿದ ಮೇಲೆ ಅಯ್ಯನವರ ಬಳಿಗೆ ಹೋದೆ. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಎನ್ನುವುದು ವಾಡಿಕೆ.

“ಅಯ್ಯನವರೇ, ಭಾನುವಾರ ಶಾಲೆಯಿಂದ ನನಗೆ ಒಂದು ವರ್ಷ ರಜೆ ಕೊಡಿ.”

“ಯಾಕಮ್ಮ, ಮನೇಲಿ ಏನಾದರೂ ತೊಂದರೆಯೇ?”

“ತೊಂದರೆ ಏನೂ ಇಲ್ಲ. ಮಕ್ಕಳ ಪಕ್ಕದಲ್ಲಿ ಕೂತು ಆರಾಧನೆ ಮಾಡಿ ಮೂರು ವರ್ಷವಾಯಿತು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ನಾವೇ ಕೇಳಬೇಕಾಗಿತ್ತು” ಎಂದರು. ಎಲ್ಲರೂ ಹಾಗೆ ಹೇಳಲಿಲ್ಲ. ಹಿರಿಯರೊಬ್ಬರು ಬಾಗಿಲ ಬಳಿ ನಿಲ್ಲಿಸಿ, “ಸರ್ಕಾರಕ್ಕೆ ಆರು ದಿನ ದುಡೀತೀಯ, ದೇವರಿಗೆ ಒಂದು ಗಂಟೆ ಆಗಲ್ವಾ ತಾಯಿ?” ಎಂದರು. ಕೋಪದಿಂದ ಕೇಳಿದ ಮಾತಲ್ಲ. ಆದ್ದರಿಂದಲೇ ಹೆಚ್ಚು ನಾಟಿತು. ಉತ್ತರ ನನ್ನಲ್ಲಿರಲಿಲ್ಲ. ಅತ್ತೆಯವರು ಪಕ್ಕದಲ್ಲಿದ್ದರು. “ಆ ಗಂಟೆ ಎಲ್ಲೂ ಹೋಗಿಲ್ಲಪ್ಪ. ಅವಳು ಬಾಗಿಲ ಹೊರಗಡೆ ಇದ್ದಳು, ಈಗ ಒಳಗಡೆ ಬರ್ತಾಳೆ ಅಷ್ಟೆ” ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ. ನಾನು ಮಾಡಿದ್ದು ಸರಿಯೆ ಎಂಬ ಅನುಮಾನ ಈಗಲೂ ಒಮ್ಮೊಮ್ಮೆ ಬರುತ್ತದೆ. ಅದರಲ್ಲೂ ಜಗುಲಿಯಿಂದ ಮಕ್ಕಳ ಹಾಡು ಕೇಳಿಬಂದು, ರಾಗ ಒಂದಿಷ್ಟು ದಾರಿ ತಪ್ಪಿದಾಗ ಕಾಲು ತಾನಾಗಿಯೇ ಏಳುತ್ತದೆ. ಆ ಹೊತ್ತಿಗೆ ಸರಿಯಾಗಿ ಮಗಳು ತೊಡೆಯ ಮೇಲೆ ನಿದ್ದೆ ಹೋಗಿರುತ್ತಾಳೆ. ಏಳಲಾಗುವುದಿಲ್ಲ.

ನವೆಂಬರಿನಲ್ಲಿ ನಮ್ಮ ಸಭೆಯ ಸುಗ್ಗಿ ಹಬ್ಬ. ಅವರವರ ಬೆಳೆಯಲ್ಲಿ ಮೊದಲ ಪಾಲನ್ನು ದೇವಾಲಯಕ್ಕೆ ತಂದು, ಆರಾಧನೆಯ ಮೇಲೆ ಅಂಗಳದಲ್ಲಿ ಹರಾಜು ಹಾಕುವುದು ಪದ್ಧತಿ. ಮಂಡ್ಯದಲ್ಲಲ್ಲವೆ, ಕಬ್ಬಿನ ಜಲ್ಲೆ, ಬೆಲ್ಲದ ಅಚ್ಚು, ಭತ್ತ, ರಾಗಿ, ಎಳನೀರು, ಒಂದೆರಡು ಕೋಳಿ. ಗದ್ದೆಯಿಲ್ಲದ ನಮ್ಮಂಥವರು ಅಂಗಡಿಯಿಂದ ತಂದಿಡುತ್ತೇವೆ. ಬಸ್ಸಿನಲ್ಲಿ ಯಾವಾಗಲೋ ಈ ಮಾತು ಆಡಿದ್ದೆನೆಂದು ತೋರುತ್ತದೆ. ಹಬ್ಬದ ಹಿಂದಿನ ದಿನ, ಶನಿವಾರ, ಆ ತಮ್ಮನ ಅಕ್ಕ ಶಾಲೆಗೆ ಒಂದು ದೊಡ್ಡ ಸಿಹಿಗುಂಬಳ ಹೊತ್ತುಕೊಂಡು ಬಂದಳು. “ನಮ್ಮವ್ವ ಕೊಟ್ಳು ಮೇಡಂ. ನಿಮ್ ದೇವ್ರಿಗಂತೆ” ಎಂದಳು. ಎರಡು ಕೈಯಲ್ಲಿ ಎತ್ತಲಾರದ ಕಾಯಿ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ಬಂದೆ.

ಹರಾಜಿನಲ್ಲಿ ಕುಂಬಳಕಾಯಿಯ ಸರದಿ ಬಂದಾಗ ನಾನು ಸುಮ್ಮನಿರಲಾರದೆ ಅದು ಎಲ್ಲಿಂದ ಬಂದದ್ದೆಂದು ಹೇಳಿದೆ. ಕೂಗು ಏರಿತು. ನೂರು, ನೂರೈವತ್ತು, ಇನ್ನೂರು. ನೋಡುತ್ತೇನೆ, ಮುನ್ನೂರು ಎಂದು ಕೂಗುತ್ತಿರುವವರು ನಮ್ಮ ಯಜಮಾನರೇ! ಕೊನೆಗೆ ನಾನೂರಕ್ಕೆ ಅವರ ಪಾಲಿಗೇ ನಿಂತಿತು. ಒಂದು ವಾರ ನಮ್ಮ ಮನೆಯಲ್ಲಿ ಕುಂಬಳಕಾಯಿಯ ಪಲ್ಯ, ಕುಂಬಳಕಾಯಿಯ ಹುಳಿ, ಕುಂಬಳಕಾಯಿಯ ಪಾಯಸ. ಮಗ ಈಗ ಸಾರು ಬೇಕಾದಾಗ “ಅಮ್ಮ” ಎಂದೇ ಕರೆಯುತ್ತಾನೆ, ಆದರೆ ಆ ವಾರ ಸಾರು ಕೇಳಲೇ ಇಲ್ಲ.

ಸೋಮವಾರ ಬಸ್ಸಿನಲ್ಲಿ ಆ ತಾಯಿಯೇ ಸಿಕ್ಕಿದರು. ಮಗುವನ್ನು ಮಂಡ್ಯಕ್ಕೆ ಡಾಕ್ಟರಿಗೆ ತೋರಿಸಿಕೊಂಡು ಊರಿಗೆ ಮರಳುತ್ತಿದ್ದರು.

“ಎಷ್ಟುಕ್ಕೋಯ್ತು ಮೇಡಂ ನಮ್ ಕಾಯಿ?”

“ನಾನೂರು ರೂಪಾಯಿ.”

“ನಾನೂರಾ!” ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. “ಸಂತೇಲಿ ಅರವತ್ತು ಕೊಡಕ್ಕೂ ಅಳ್ತಾರೆ. ಬುಡಿ, ಬರೋ ವರ್ಷ ಎರಡು ಕಳುಸ್ತೀನಿ.”